ಟ್ರ್ಯಾಕ್ಟರ್ ಖರೀದಿ: ಅಶ್ವಶಕ್ತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು

ಟ್ರ್ಯಾಕ್ಟರ್ ಎಂದೊಡನೆ ರೈತನ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಸ್ಥಿರಾಸ್ತಿ ಪಟ್ಟಿಗಳನ್ನು ಪ್ರತಿವರ್ಷ ಪರಿಶೀಲಿಸುವ ನನ್ನಂಥವರಿಗೆ ಈ ಯಂತ್ರವು ಅಕ್ಕಿ ಗಿರಣಿ, ಇಟ್ಟಿಗೆ ಭಟ್ಟಿ, ಅಡಿಕೆ ಮಂಡಿ, ಗೊಬ್ಬರದ ಅಂಗಡಿ ಎಲ್ಲೆಡೆಯೂ ಎದುರಾಗುತ್ತದೆ. ಒಬ್ಬರು ಭತ್ತ ಸಾಗಿಸಲು ಕೊಂಡಿರುತ್ತಾರೆ, ಇನ್ನೊಬ್ಬರು ಮಣ್ಣು ಕಲಸಲು, ಮತ್ತೊಬ್ಬರು ಹಂಗಾಮಿನಲ್ಲಿ ರೈತರಿಗೆ ಬಾಡಿಗೆ ಕೊಡಲು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದ ಮೇಲೆ, "ಸರ್, ಒಂದು ಟ್ರ್ಯಾಕ್ಟರ್ ತೆಗೆದುಕೊಳ್ಳಬಹುದೇ?" ಎಂಬ ಪ್ರಶ್ನೆ ನನ್ನ ಕಚೇರಿಯಲ್ಲಿ ಮೊದಲಿಗಿಂತ ಹೆಚ್ಚಾಗಿ ಕೇಳಿಬರುತ್ತಿದೆ. ತೆರಿಗೆಗೆ ಮುಂಚಿನ ಬೆಲೆ ಎಂಟು ಲಕ್ಷವಿದ್ದರೆ 56 ಸಾವಿರ ರೂಪಾಯಿ ಕಡಿಮೆಯಾದಂತಾಯಿತು. ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ 56 ಸಾವಿರವನ್ನು ಬೇಡದ ಸೌಲಭ್ಯಕ್ಕೆ ಸುರಿದು ಬರುವವರನ್ನೂ ಕಾಣುತ್ತಿದ್ದೇನೆ.

ನಮ್ಮವರು ಷೋರೂಮಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಎಚ್.ಪಿ.?" ಎಂಬುದು. ಮಾರಾಟಗಾರನಿಗೂ ಅದೇ ಬೇಕು, ಏಕೆಂದರೆ ಬಾನೆಟ್ಟಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆ ಎಂಜಿನ್ನಿನದು. ಕೆಲಸಕ್ಕೆ ಒದಗುವ ಶಕ್ತಿ ಅದಲ್ಲ. ಹಿಂಬದಿಯ ಪಿ.ಟಿ.ಓ. ದಂಡದಲ್ಲಿ ದೊರೆಯುವುದು ಸಾಮಾನ್ಯವಾಗಿ ಅದರ ಶೇ. 85ರಿಂದ 90ರಷ್ಟು; ನೆಲದ ಮೇಲೆ ಎಳೆಯುವಾಗ ದೊರೆಯುವುದು ಅದಕ್ಕಿಂತಲೂ ಕಡಿಮೆ, ಮಣ್ಣು ಸಡಿಲವಾದಷ್ಟೂ ಇನ್ನೂ ಕಡಿಮೆ. 45 ಅಶ್ವಶಕ್ತಿಯ ಎರಡು ಬೇರೆ ಬೇರೆ ತಯಾರಿಕೆಗಳಲ್ಲಿ ಒಂದು 38 ಕೊಟ್ಟೀತು, ಇನ್ನೊಂದು 40 ಕೊಟ್ಟೀತು. ಆರು ಅಡಿಯ ರೋಟವೇಟರನ್ನು ಗಟ್ಟಿ ನೆಲದಲ್ಲಿ ದಿನವಿಡೀ ಓಡಿಸುವವನಿಗೆ ಆ ಎರಡು ಅಂಕೆಗಳ ಅಂತರ ಮುಖ್ಯ. ಖಾಲಿ ಚೀಲ ಸಾಗಿಸುವವನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಈ ಅಂಕೆಗಳನ್ನು ಮಾರಾಟಗಾರನ ಬಾಯಿಂದ ಕೇಳಬೇಕಾದ ಅಗತ್ಯವೂ ಇಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಹಾಗೂ ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ನಿಗದಿತ ಮಾನಕದಂತೆ ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಓ.ದಲ್ಲಿ ಗರಿಷ್ಠ ಶಕ್ತಿ, ಆ ಶಕ್ತಿಗೆ ತಗಲುವ ಡೀಸೆಲ್, ಹೈಡ್ರಾಲಿಕ್ ಎತ್ತುವ ಭಾರ, ಬ್ರೇಕಿನ ಫಲಿತಾಂಶ ಎಲ್ಲವೂ ಅದರಲ್ಲಿರುತ್ತವೆ. ಕೊಳ್ಳಬೇಕೆಂದಿರುವ ಮಾದರಿಯ ವರದಿಯನ್ನು ಡೀಲರನಿಂದ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಎರಡು ಮಾದರಿಗಳ ನಡುವೆ ಗಂಟೆಗೆ ಅರ್ಧ ಲೀಟರ್ ಡೀಸೆಲ್ ವ್ಯತ್ಯಾಸವಿದ್ದರೆ, ವರ್ಷಕ್ಕೆ 600 ಗಂಟೆಗೆ, ಲೀಟರಿಗೆ 90 ರೂಪಾಯಿಯಂತೆ 27 ಸಾವಿರ ರೂಪಾಯಿಗಳಾಗುತ್ತವೆ. ಹಬ್ಬದ ಕೊಡುಗೆಯೆಂದು ಕೊಡುವ ಉಚಿತ ಮೇಲುಹೊದಿಕೆಯ ಬೆಲೆಯೊಡನೆ ಇದನ್ನು ಹೋಲಿಸಿ ನೋಡಬಹುದು.

ಪಿ.ಟಿ.ಓ. ವಿಷಯದಲ್ಲಿ ಉದ್ಯಮಿಗಳು ರೈತರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಮಣ್ಣು ಕಲಸುವ ಯಂತ್ರ, ಒಕ್ಕಣೆ ಯಂತ್ರ, ಜನರೇಟರ್, ನೀರಿನ ಪಂಪು ಇವೆಲ್ಲ ಟ್ರ್ಯಾಕ್ಟರ್ ನಿಂತಲ್ಲೇ ನಡೆಯುವ ಕೆಲಸಗಳು. ಒಂದೇ ಕ್ಲಚ್ ಇರುವ ಯಂತ್ರದಲ್ಲಿ ಕ್ಲಚ್ ಒತ್ತಿದೊಡನೆ ಚಕ್ರವೂ ಪಿ.ಟಿ.ಓ.ವೂ ಒಟ್ಟಿಗೆ ನಿಲ್ಲುತ್ತವೆ. ಜೋಡಿ ಕ್ಲಚ್ಚಿನಲ್ಲಿ ಅರ್ಧ ಒತ್ತಿದರೆ ಚಕ್ರ ಮಾತ್ರ ನಿಂತು ಪಿ.ಟಿ.ಓ. ತಿರುಗುತ್ತಲೇ ಇರುತ್ತದೆ. ಸ್ವತಂತ್ರ ಪಿ.ಟಿ.ಓ. ಇದ್ದರೆ ಅದಕ್ಕೆ ಬೇರೆಯೇ ಹಿಡಿ. ರೋಟವೇಟರ್ ಅಥವಾ ಬೇಲರ್ ಕಟ್ಟಿ ಬಾಡಿಗೆಗೆ ಬಿಡುವವರಿಗೆ ಸ್ವತಂತ್ರ ಪಿ.ಟಿ.ಓ. ವ್ಯರ್ಥವಲ್ಲ. ಇನ್ನು ಎಂಜಿನ್ನಿನ ಕಡಿಮೆ ವೇಗದಲ್ಲಿಯೇ ನಿಮಿಷಕ್ಕೆ 540 ಸುತ್ತು ಕೊಡುವ ಮಿತವ್ಯಯ ಗೇರು ಎಂಬುದುಂಟು. ಹಗುರ ಹೊರೆಯ ಪಂಪು, ಜನರೇಟರುಗಳಿಗೆ ಅದರಿಂದ ಇಂಧನ ಉಳಿಯುತ್ತದೆ. ಭಾರೀ ಹೊರೆಗೆ ಅದನ್ನೇ ಬಳಸಿದರೆ ಎಂಜಿನ್ ಉಸಿರುಗಟ್ಟುತ್ತದೆ. ಚಾಲಕನಿಗೆ ಇದನ್ನು ಹೇಳಿಕೊಡದಿದ್ದರೆ ಆ ಸೌಲಭ್ಯಕ್ಕೆ ಕೊಟ್ಟ ಹಣ ನಷ್ಟವೇ.

ಹೈಡ್ರಾಲಿಕ್ ಬಗ್ಗೆ ಒಂದೇ ಮಾತು. 1500 ಕಿಲೋಗ್ರಾಂ ಎತ್ತುತ್ತದೆ, 1800 ಕಿಲೋಗ್ರಾಂ ಎತ್ತುತ್ತದೆ ಎಂದು ಕರಪತ್ರದಲ್ಲಿ ಬರೆದಿರುವುದು ಬಹುಮಟ್ಟಿಗೆ ಕೆಳಗಿನ ತೋಳುಗಳ ತುದಿಯಲ್ಲಿ ಅಳೆದದ್ದು. ಉಪಕರಣದ ಭಾರ ಬೀಳುವುದು ಅದಕ್ಕಿಂತ ಹಿಂದೆ. ಪರೀಕ್ಷಾ ವರದಿಯಲ್ಲಿ ತುದಿಯಿಂದ 610 ಮಿಲಿಮೀಟರ್ ಹಿಂದೆ ಅಳೆದ ಸಂಖ್ಯೆಯೂ ಇರುತ್ತದೆ, ನಂಬಬೇಕಾದದ್ದು ಅದನ್ನು.

ಸಾಗಣೆಯ ವಿಚಾರ ಬೇರೆ. ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಕಾಣದವರು ಯಾರು? ಅಲ್ಲಿ ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟದ ಕೆಲಸ. ಟ್ರೇಲರಿಗೆ ಬ್ರೇಕೇ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನ ಯಂತ್ರವನ್ನು ತಳ್ಳುತ್ತದೆ. ಇಂಥ ಕೆಲಸಕ್ಕೆ ಎಣ್ಣೆಯಲ್ಲಿ ಮುಳುಗಿದ ಬ್ರೇಕು, ಪವರ್ ಸ್ಟೀರಿಂಗ್, ಟ್ರ್ಯಾಕ್ಟರಿನ ಸ್ವಂತ ತೂಕ ಹಾಗೂ ದೊಡ್ಡ ಹಿಂಬದಿ ಟೈರು ಇವು ಐಷಾರಾಮದ ಸಂಗತಿಗಳಲ್ಲ. ಒಣ ಡಿಸ್ಕ್ ಬ್ರೇಕು ಹೊಲದ ಕೆಲಸಕ್ಕೆ ಸಾಕು, ಅಗ್ಗವೂ ಹೌದು. ರಸ್ತೆಯಲ್ಲಿ ದಿನಕ್ಕೆ 60 ಕಿಲೋಮೀಟರ್ ಹೊರೆ ಹೊರುವವನು ಅದರಲ್ಲಿ ಉಳಿತಾಯ ನೋಡಬಾರದು. ಟ್ರೇಲರಿಗೂ ಬ್ರೇಕ್ ಹಾಕಿಸಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತಲೇ ಇದ್ದೇನೆ, ಕೇಳಿದವರು ಕಡಿಮೆ.

ಇನ್ನು ನಾಲ್ಕು ಚಕ್ರ ಚಾಲನೆ. ಈಗ ಎಲ್ಲರ ಬಾಯಲ್ಲೂ ಇದೇ. ಗಂಗಾವತಿ, ಸಿಂಧನೂರಿನ ಕೆಸರುಗದ್ದೆಗೆ ಕೇಜ್ ವೀಲ್ ಹಾಕಿ ಇಳಿಯುವವರಿಗೂ, ಧಾರವಾಡ ಕಡೆಯ ಎರೆಭೂಮಿಯಲ್ಲಿ ಮಳೆ ನಿಂತ ಮರುದಿನವೇ ಕೆಲಸ ಹಿಡಿಯಬೇಕಾದವರಿಗೂ ಅದು ಬೇಕಾದದ್ದೇ. ಕೋಲಾರದ ಕೆಂಪು ಭೂಮಿಯಲ್ಲಿ ಕಲ್ಟಿವೇಟರ್ ಎಳೆಯುವವನಿಗೆ, ಗಿರಣಿಯಿಂದ ಗೋದಾಮಿಗೆ ಸಾಗಿಸುವವನಿಗೆ ಏಕೆ ಬೇಕು? ವಿಜಯಪುರದ ದ್ರಾಕ್ಷಿ ತೋಟದವರ ಕಥೆಯೂ ಬೇರೆಯೇ: ಸಾಲುಗಳ ನಡುವೆ ನುಸುಳುವ ಕಡಿಮೆ ಅಗಲದ, ಆದರೆ ಔಷಧಿ ಸಿಂಪಡಿಸುವ ಯಂತ್ರವನ್ನು ತಿರುಗಿಸುವಷ್ಟು ಪಿ.ಟಿ.ಓ. ಶಕ್ತಿಯುಳ್ಳ ಚಿಕ್ಕ ಟ್ರ್ಯಾಕ್ಟರ್ ಅವರಿಗೆ ಬೇಕು. ಅಲ್ಲಿ 50 ಅಶ್ವಶಕ್ತಿಯ ಯಂತ್ರ ಒಳಗೇ ಹೋಗದು.

ಬೇಕು, ಬೇಡ ಎಂಬುದನ್ನು ಮಾತಿನಲ್ಲಿ ತೀರ್ಮಾನಿಸುವ ಬದಲು ಗಂಟೆಯ ಲೆಕ್ಕಕ್ಕೆ ತಂದು ನೋಡೋಣ. ಕೆಳಗಿನ ಅಂಕೆಗಳು ಉದಾಹರಣೆಗಾಗಿ ನಾನು ಹಿಡಿದವು. ಓದುಗರು ತಮ್ಮ ಅಂಕೆಗಳನ್ನು ಹಾಕಿಕೊಳ್ಳಬೇಕು. ಬೆಲೆ ಎಂಟು ಲಕ್ಷ, ಹತ್ತು ವರ್ಷಗಳ ನಂತರ ಮೂರು ಲಕ್ಷಕ್ಕೆ ಮಾರಾಟ ಎಂದರೆ ವರ್ಷಕ್ಕೆ ಸವಕಳಿ 50 ಸಾವಿರ. ತೊಡಗಿಸಿದ ಸರಾಸರಿ ಬಂಡವಾಳ ಐದೂವರೆ ಲಕ್ಷಕ್ಕೆ ಶೇ. 12ರಂತೆ ಬಡ್ಡಿ 66 ಸಾವಿರ. ಸಾಲ ಮಾಡದೆ ಸ್ವಂತ ಹಣದಿಂದ ಕೊಂಡರೂ ಇದನ್ನು ಬಿಡುವಂತಿಲ್ಲ. ವಿಮೆ, ಷೆಡ್ಡು, ಚಿಲ್ಲರೆ ಸೇರಿ 20 ಸಾವಿರ. ಟ್ರ್ಯಾಕ್ಟರ್ ಷೆಡ್ಡಿನಲ್ಲೇ ನಿಂತರೂ ತಪ್ಪದ ಖರ್ಚು ವರ್ಷಕ್ಕೆ 1,36,000. ಓಡಿದಾಗ ಗಂಟೆಗೆ ನಾಲ್ಕು ಲೀಟರ್ ಡೀಸೆಲಿಗೆ 360, ಚಾಲಕನಿಗೆ 100, ರಿಪೇರಿ ಮತ್ತು ಎಣ್ಣೆಗೆ 80, ಒಟ್ಟು 540 ರೂಪಾಯಿ. ವರ್ಷಕ್ಕೆ 300 ಗಂಟೆ ಓಡಿದರೆ ಸ್ಥಿರ ಖರ್ಚು ಗಂಟೆಗೆ 453 ರೂಪಾಯಿ ಸೇರಿ 993 ಆಗುತ್ತದೆ. 800 ಗಂಟೆ ಓಡಿದರೆ 170 ಸೇರಿ 710. ಊರಿನ ಬಾಡಿಗೆ ದರ 900 ಎಂದಿಟ್ಟುಕೊಂಡರೆ ಮೊದಲನೆಯವನು ವರ್ಷಕ್ಕೆ ಸುಮಾರು 28 ಸಾವಿರ ಕಳೆದುಕೊಳ್ಳುತ್ತಾನೆ, ಎರಡನೆಯವನು ಒಂದೂವರೆ ಲಕ್ಷ ಗಳಿಸುತ್ತಾನೆ. ಇಬ್ಬರ ಯಂತ್ರವೂ ಒಂದೇ. ಲಾಭನಷ್ಟ ಸಮವಾಗುವುದು ಸುಮಾರು 378 ಗಂಟೆಗೆ. ಚಾಲಕನಿಗೆ ತಿಂಗಳ ಸಂಬಳವಾದರೆ ಅದೂ ಸ್ಥಿರ ಖರ್ಚಿಗೆ ಸೇರಿ ಈ ಗಡಿ ಇನ್ನಷ್ಟು ಮೇಲೇರುತ್ತದೆ.

ಈಗ ನಾಲ್ಕು ಚಕ್ರ ಚಾಲನೆಗೆ ಹೆಚ್ಚುವರಿ 1,20,000 ಕೊಡಬೇಕು, ಹತ್ತು ವರ್ಷಗಳ ನಂತರ ಅದರಲ್ಲಿ 40 ಸಾವಿರ ಮರಳುತ್ತದೆ ಎನ್ನಿ. ಸವಕಳಿ ಎಂಟು ಸಾವಿರ, ಬಡ್ಡಿ 9,600, ಒಟ್ಟು 17,600. ಗಂಟೆಗೆ 900 ಬಾಡಿಗೆಯಲ್ಲಿ 540 ಕಳೆದು ಉಳಿಯುವ 360 ರೂಪಾಯಿಯಿಂದ ಇದನ್ನು ತುಂಬಲು ವರ್ಷಕ್ಕೆ 49 ಗಂಟೆ ಹೆಚ್ಚಿನ ಕೆಲಸ ಸಿಗಬೇಕು. ಸಿಂಧನೂರಿನಲ್ಲಿ ನಾಟಿಯ ಹಂಗಾಮಿನ ಒಂದೇ ವಾರದಲ್ಲಿ ಅಷ್ಟು ಗಂಟೆ ಸಿಕ್ಕೀತು. ಕೋಲಾರದಲ್ಲಿ ಎಲ್ಲಿಂದ ತರುವುದು? ಇದೇ ಕ್ರಮದಲ್ಲಿ ಪ್ರತಿಯೊಂದು ಹೆಚ್ಚುವರಿ ಸೌಲಭ್ಯವನ್ನೂ, ಅದು ವರ್ಷಕ್ಕೆ ಎಷ್ಟು ಗಂಟೆಯ ಕೆಲಸ ತರುತ್ತದೆ ಅಥವಾ ಎಷ್ಟು ಲೀಟರ್ ಉಳಿಸುತ್ತದೆ ಎಂದು ಕೇಳಬಹುದು. ಬ್ರೇಕನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ.

50 ಅಶ್ವಶಕ್ತಿಯ ಗಡಿಯ ಬಗ್ಗೆಯೂ ತಿಳಿದಿರಲಿ. 2023ರ ಜನವರಿಯಿಂದ ಅದಕ್ಕೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ಮಾನದಂಡ ಅನ್ವಯವಾಗಿ, ವಿದ್ಯುನ್ಮಾನ ನಿಯಂತ್ರಣದ ಇಂಧನ ವ್ಯವಸ್ಥೆ ಬಂದಿದೆ. ಯಂತ್ರ ಒಳ್ಳೆಯದೇ, ಆದರೆ ಬೆಲೆ ಹೆಚ್ಚು, ಕಲಬೆರಕೆ ಡೀಸೆಲ್ ಸಹಿಸದು, ಊರಿನ ಮೆಕ್ಯಾನಿಕ್ಕಿನ ಕೈಗೆ ಸುಲಭಕ್ಕೆ ಬಗ್ಗದು. 48ರಲ್ಲಿ ಆಗುವ ಕೆಲಸಕ್ಕೆ ಪ್ರತಿಷ್ಠೆಗಾಗಿ 52 ಕೊಳ್ಳುವವರು ಇದನ್ನು ಯೋಚಿಸಬೇಕು.

ಇಷ್ಟೆಲ್ಲ ಹೇಳಿದರೂ, ನನ್ನ ಅಭಿಪ್ರಾಯದಲ್ಲಿ ಟ್ರ್ಯಾಕ್ಟರ್ ಖರೀದಿಯಲ್ಲಿ ಅತಿ ದುಬಾರಿಯಾಗುವುದು ಕರಪತ್ರದಲ್ಲಿ ಇಲ್ಲದ ಒಂದು ಸಂಗತಿ: ಯಾರ ಹೆಸರಿನಲ್ಲಿ, ಯಾವ ಉಪಯೋಗಕ್ಕೆಂದು ನೋಂದಾಯಿಸುತ್ತೀರಿ ಎಂಬುದು. ವರ್ತಕರಲ್ಲಿ ರೂಢಿಯಾಗಿರುವ ಕ್ರಮವೆಂದರೆ, ಪಹಣಿ ಇರುವ ಅಣ್ಣನ ಅಥವಾ ಮಾವನ ಹೆಸರಿಗೆ ಕೃಷಿ ಟ್ರ್ಯಾಕ್ಟರ್ ಎಂದು ನೋಂದಾಯಿಸಿ, ರಸ್ತೆ ತೆರಿಗೆಯ ರಿಯಾಯಿತಿ ಪಡೆದು, ಇಟ್ಟಿಗೆ, ಜಲ್ಲಿ, ಮರಳು ಹೇರುವುದು. ಕಾನೂನಿನ ಕಣ್ಣಿನಲ್ಲಿ ಕೃಷಿ ಟ್ರ್ಯಾಕ್ಟರ್ ಎಂಬುದು ಹೊಲದ ಕೆಲಸಕ್ಕೂ ಕೃಷಿ ಸಾಮಗ್ರಿಯ ಸಾಗಣೆಗೂ ಮೀಸಲಾದ ವಾಹನ. ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿ ಸರಕು ಸಾಗಿಸಿದಾಗ ಆ ಜೋಡಿಯು ಸರಕು ಸಾಗಣೆ ವಾಹನವೇ ಆಗುತ್ತದೆಂದು ಕರ್ನಾಟಕ ಸರ್ಕಾರ ಪಕ್ಷಗಾರನಾಗಿದ್ದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಪಿತ್ತಿದೆ. 2001ರ ಇನ್ನೊಂದು ತೀರ್ಪನ್ನು ಮುಂದಿಟ್ಟು "ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ಆ ತೀರ್ಪು ಹೇಳಿದ್ದು, ಟ್ರ್ಯಾಕ್ಟರ್ ಓಡಿಸುವ ಪರವಾನಗಿ ಉಳ್ಳ ಚಾಲಕನು ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದಷ್ಟೇ. ಚಾಲಕನ ಪರವಾನಗಿ ಬೇರೆ, ವಾಹನದ ಉಪಯೋಗ ಬೇರೆ.

ಇದರ ಬಿಸಿ ತಟ್ಟುವುದು ಅಪಘಾತವಾದ ದಿನ. ಪಾಲಿಸಿಯಲ್ಲಿ "ಕೃಷಿ ಉದ್ದೇಶಕ್ಕೆ ಮಾತ್ರ" ಎಂದಿದ್ದು, ಟ್ರೇಲರಿನಲ್ಲಿ ಇಟ್ಟಿಗೆ ಇದ್ದರೆ ವಿಮಾ ಕಂಪನಿ ಸ್ವಂತ ಹಾನಿಯ ಕ್ಲೇಮನ್ನು ತಿರಸ್ಕರಿಸಬಹುದು. ಮೂರನೆಯವರಿಗೆ ಪೆಟ್ಟಾಗಿದ್ದರೆ, ಮೊದಲು ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು. ಮಾಲೀಕನೆಂದರೆ ದಾಖಲೆಯಲ್ಲಿರುವ ಆ ಅಣ್ಣ ಅಥವಾ ಮಾವ. ನನಗೆ ಪರಿಚಯದ ಒಬ್ಬ ಇಟ್ಟಿಗೆ ತಯಾರಕರ ಮನೆಯಲ್ಲಿ ಈ ವಸೂಲಾತಿ ನೋಟೀಸು ಬಂದ ಮೇಲೆ ಭಾವಮೈದುನರಿಬ್ಬರ ನಡುವೆ ಮಾತೇ ನಿಂತುಹೋಗಿದೆ. ಲೋಡಿನಲ್ಲಿ ಕೂಲಿಗಳನ್ನು ಕೂರಿಸಿಕೊಂಡು ಹೋಗುವ ಅಭ್ಯಾಸವಂತೂ ಇನ್ನೂ ಅಪಾಯಕಾರಿ; ಟ್ರ್ಯಾಕ್ಟರಿನಲ್ಲಿ ಆಸನ ಇರುವುದು ಚಾಲಕನೊಬ್ಬನಿಗೆ.

ಆದುದರಿಂದ ವ್ಯಾಪಾರಕ್ಕೆ ಬೇಕಾದ ಟ್ರ್ಯಾಕ್ಟರನ್ನು ವ್ಯಾಪಾರದ ಹೆಸರಿಗೇ ಕೊಳ್ಳಿ, ಉಪಯೋಗಕ್ಕೆ ತಕ್ಕ ನೋಂದಣಿ ಹಾಗೂ ವಿಮೆ ಮಾಡಿಸಿ ಎಂಬುದು ನನ್ನ ಸ್ಪಷ್ಟ ಸಲಹೆ. ಹಾಗೆ ಮಾಡಿದವರಿಗೆ ತೆರಿಗೆಯಲ್ಲಿ ಏನು ದೊರೆಯುತ್ತದೆ? ಕಾರಿನಂತೆ ಟ್ರ್ಯಾಕ್ಟರು ಜನರನ್ನು ಸಾಗಿಸುವ ವಾಹನವಲ್ಲವಾದ್ದರಿಂದ, ತೆರಿಗೆಗೆ ಒಳಪಟ್ಟ ಸರಕಿನ ವ್ಯವಹಾರಕ್ಕೆ ಬಳಸಿದರೆ ಹೂಡುವಳಿ ತೆರಿಗೆ ಜಮೆ ಪಡೆಯಲು ಅಡ್ಡಿಯಿಲ್ಲ. ಆದರೆ ರೈತರಿಗೆ ಉಳುಮೆಗೆ ಬಾಡಿಗೆ ಕೊಡುವುದು, ಕೃಷಿ ಯಂತ್ರಗಳನ್ನು ಬಾಡಿಗೆಗೆ ಬಿಡುವುದು ಜಿ.ಎಸ್.ಟಿ.ಯಿಂದ ವಿನಾಯಿತಿ ಪಡೆದ ಸೇವೆಗಳು. ಅದಕ್ಕಷ್ಟೇ ಬಳಸುವ ಟ್ರ್ಯಾಕ್ಟರಿನ ಮೇಲೆ ಜಮೆ ಇಲ್ಲ. ಎರಡಕ್ಕೂ ಬಳಸಿದರೆ ಪ್ರಮಾಣಾನುಸಾರ ಹಿಂದಿರುಗಿಸಬೇಕು. ಚೀಲಕ್ಕೆ ತುಂಬದ ಅಕ್ಕಿಯನ್ನೂ ಲೇಬಲ್ ಹಚ್ಚಿದ ಅಕ್ಕಿಯನ್ನೂ ಮಾರುವ ಗಿರಣಿಯವರಿಗೆ ಈ ಲೆಕ್ಕ ಹೊಸದಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ ಎಂಬುದೂ ನೆನಪಿರಲಿ. ಎಂಟು ಲಕ್ಷದ ಬಿಲ್ಲಿನಲ್ಲಿ ಈಗ ತೆರಿಗೆಯ ಪಾಲು ಸುಮಾರು 38 ಸಾವಿರ ಮಾತ್ರ. ದರ ಇಳಿದ ಮೇಲೆ ಜಮೆಯ ಚಿಂತೆಗಿಂತ ವಿಮೆಯ ಚಿಂತೆಯೇ ದೊಡ್ಡದಾಗಬೇಕು.

ಆದಾಯ ತೆರಿಗೆಯಲ್ಲಿ ಸವಕಳಿ ದರ ಸಾಮಾನ್ಯವಾಗಿ ಶೇ. 15. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ. ದೀಪಾವಳಿಯ ರಿಯಾಯಿತಿಗೆ ಕಾದು ಕೊಂಡವರಿಗೆ ಆ ವರ್ಷ ಅರ್ಧವೇ ಸಿಗುವುದು. ಅಕ್ಟೋಬರ್ ಮೊದಲ ದಿನಗಳೊಳಗೆ ಕೆಲಸಕ್ಕೆ ಹಚ್ಚಿದವರಿಗೆ ಪೂರ್ತಿ. ಮುಂಗಡವನ್ನು ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿಯೇ ಕೊಡಿ: ಒಂದೇ ದಿನ ಒಬ್ಬರಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಅಷ್ಟು ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ, ಸವಕಳಿಯೂ ಇಲ್ಲ. ಬೇರೆಯವರ ಹೊಲ ಉತ್ತು ಬಂದ ಬಾಡಿಗೆಯನ್ನು ಕೃಷಿ ಆದಾಯವೆಂದು ತೋರಿಸುವ ಹಳೆಯ ಅಭ್ಯಾಸವನ್ನೂ ಬಿಡಬೇಕು. ಅದು ವ್ಯಾಪಾರದ ಆದಾಯ.

ಸಾಲದ ಬಗ್ಗೆ ಒಂದು ಎಚ್ಚರಿಕೆ. "ಫ್ಲಾಟ್ ಶೇ. 9" ಎಂದು ಹಣಕಾಸು ಕಂಪನಿಯವರು ಹೇಳಿದರೆ ಅದನ್ನು ಬ್ಯಾಂಕಿನ ಶೇ. 11ರೊಡನೆ ಹೋಲಿಸಿ ಅಗ್ಗವೆಂದುಕೊಳ್ಳಬೇಡಿ. ಆರು ಲಕ್ಷಕ್ಕೆ ಐದು ವರ್ಷ ಫ್ಲಾಟ್ ಶೇ. 9 ಎಂದರೆ ಬಡ್ಡಿ 2,70,000, ತಿಂಗಳ ಕಂತು 14,500. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 15.7 ಆಗುತ್ತದೆ. ಟ್ರೇಲರ್, ರೋಟವೇಟರ್ ಇವುಗಳ ಬೆಲೆಯನ್ನು ಕೊಟೇಶನ್ನಿನಲ್ಲಿ ಪ್ರತ್ಯೇಕವಾಗಿ ಬರೆಸಿ. ಒಂದರಲ್ಲಿ ಬಿಟ್ಟ ರಿಯಾಯಿತಿ ಇನ್ನೊಂದರಲ್ಲಿ ಮರಳಿ ಹತ್ತಿರುವುದನ್ನು ಹಲವು ಬಿಲ್ಲುಗಳಲ್ಲಿ ನೋಡಿದ್ದೇನೆ.

ಕೊನೆಯದಾಗಿ ಬಿಡಿಭಾಗ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ.ಯು ಪಿಂಜೋರಿನಲ್ಲಿ ತಯಾರಿಸುತ್ತಿದ್ದ ಟ್ರ್ಯಾಕ್ಟರುಗಳನ್ನು ಒಂದು ಕಾಲದಲ್ಲಿ ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. 2016ರಲ್ಲಿ ಕೇಂದ್ರ ಸಚಿವ ಸಂಪುಟವು ಆ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತಯಾರಿಕೆ ನಿಂತ ಮೇಲೆ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಮರುಮಾರಾಟದ ಬೆಲೆ ಬಿಡಿಭಾಗದ ಹಿಂದೆಯೇ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಮೂರು ಲಕ್ಷಕ್ಕೆ ಬದಲಾಗಿ ಒಂದೂವರೆ ಲಕ್ಷ ಮಾತ್ರ ಸಿಕ್ಕರೆ ಸವಕಳಿಯೊಂದೇ ವರ್ಷಕ್ಕೆ 15 ಸಾವಿರ ಹೆಚ್ಚುತ್ತದೆ. ಆದ್ದರಿಂದ ಷೋರೂಮಿಗೆ ಹೋದಾಗ ಹೊಳೆಯುವ ಯಂತ್ರವನ್ನು ನೋಡಿದ ಮೇಲೆ ಹಿಂದಿನ ಕೋಣೆಗೂ ಹೋಗಿ. ಕ್ಲಚ್ ಪ್ಲೇಟು, ಹೈಡ್ರಾಲಿಕ್ ಪಂಪಿನ ಸೀಲು, ಫಿಲ್ಟರು ದಾಸ್ತಾನಿನಲ್ಲಿವೆಯೇ, ಮೆಕ್ಯಾನಿಕ್ ಎಷ್ಟು ಮಂದಿ, ಹಂಗಾಮಿನಲ್ಲಿ ಹೊಲಕ್ಕೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಎಂದು ವಿಚಾರಿಸಿ. ಆ ಉತ್ತರಗಳನ್ನು ಡೀಲರನ ಮಾತಿನ ಮೇಲೆ ಬಿಡದೆ, ಅದೇ ಡೀಲರನಿಂದ ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಕೊಂಡ ಇಬ್ಬರನ್ನು ಹುಡುಕಿ ಕೇಳಿ ಬಂದ ಮೇಲೆಯೇ ಮುಂಗಡ ಕೊಡಿ.